ನಾಲ್ಕು ಎಣಿಸುವಷ್ಟು ಹೊತ್ತು

ಈಗ ಬರೆಯುತ್ತಿರುವುದು ನಾನು ಕಣ್ಣಾರೆ ಕಂಡದ್ದೋ, ಆಮೇಲೆ ಬೇರೆಯವರ ಮಾತು ಕೇಳಿ ಮನಸ್ಸಿನಲ್ಲೇ ಕಟ್ಟಿಕೊಂಡದ್ದೋ, ಖಚಿತವಿಲ್ಲ. ಮೊನ್ನೆ ಹೆಚ್ಚಿದ ಈರುಳ್ಳಿಗೆ ವಿನೆಗರ್ ಸುರಿಯುವಾಗ ಮೇಲಿನ ಮನೆಯ ಅಕ್ಕನ ಬಚ್ಚಲು ನೆನಪಾಯಿತು. ಫಿಲ್ಮ್ ತೊಳೆಯುವ ದಿನ ಅಲ್ಲಿ ಇದೇ ಹುಳಿ ವಾಸನೆ...

ಅಕ್ಕ ರಾಣೆಬೆನ್ನೂರಿನ ಕಡೆಯವರು. ಪೀಣ್ಯದ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್ ಆಗಿದ್ದು ನಿವೃತ್ತರಾಗಿದ್ದರು. ಅವರ ಬಳಿ ಮುತ್ತಜ್ಜನ ಮರದ ಕ್ಯಾಮೆರಾ ಇತ್ತು. ಗಾಜಿನ ಪ್ಲೇಟಿಗೆಂದು ಮಾಡಿದ್ದು. ಅಂಥ ಪ್ಲೇಟು ಈಗ ಅಂಗಡಿಯಲ್ಲಿ ಸಿಗದು. ಸಿಗುವ ಶೀಟ್ ಫಿಲ್ಮ್ ಲಗ್ನಪತ್ರಿಕೆಗಿಂತ ತೆಳ್ಳಗೆ, ಅಳತೆಯಲ್ಲೂ ಚಿಕ್ಕದು. ಆದರೆ ಹಳೆಯ ಮರಕ್ಕೆ ಉಳಿ ತಾಗಿಸಲು ಅಕ್ಕ ಒಪ್ಪಲಿಲ್ಲ. ಪ್ಲೇಟು ಕೂರುವ ಜಾಗಕ್ಕೆ ತಗಡಿನ ಚೌಕಟ್ಟೊಂದನ್ನು ಮಾಡಿಸಿ ಅದರಲ್ಲಿ ಫಿಲ್ಮ್ ಸಿಕ್ಕಿಸಿದರು. ಮೊದಲ ಚಿತ್ರಗಳೆಲ್ಲ ಮಸುಕು. ಫಿಲ್ಮು ಗಾಜಿನ ದಪ್ಪದಷ್ಟು ಹಿಂದಕ್ಕೆ ಕೂತಿತ್ತು. ಬೆನ್ನಿಗೆ ಅಲ್ಯೂಮಿನಿಯಂ ಹಾಳೆ ಕೊಟ್ಟು ಅದನ್ನು ಮುಂದೆ ತಂದ ಮೇಲೆ ಬಾಲ್ಕನಿಯ ತುಳಸಿ ಎಲೆ ಎಲೆಯಾಗಿ ಮೂಡಿತು.

ಇಷ್ಟೆಲ್ಲ ಅವಸರ ಅವರ ಅವ್ವನಿಗಾಗಿ. ಅಕ್ಕನ ಅಜ್ಜಿ ಇದೇ ಕ್ಯಾಮೆರಾದ ಮುಂದೆ ಕೂತಿದ್ದರಂತೆ, ಅವ್ವ ಒಮ್ಮೆಯೂ ಕೂತಿರಲಿಲ್ಲ. ಅಕ್ಕನ ತಮ್ಮ ಬಂದು ಅವ್ವನನ್ನು ಹುಬ್ಬಳ್ಳಿಗೆ ಕರೆದೊಯ್ಯುವವನಿದ್ದ. ತೊಂದರೆ ಬೇರೆಯೇ ಇತ್ತು. ಆ ಕ್ಯಾಮೆರಾಗೆ ಶಟರ್ ಇಲ್ಲ; ಲೆನ್ಸಿನ ಮುಚ್ಚಳ ತೆಗೆದು ನಾಲ್ಕು ಎಣಿಸಿ ಮುಚ್ಚಬೇಕು. ಅಷ್ಟರಲ್ಲಿ ಅಲುಗಿದ್ದೆಲ್ಲ ಮಸುಕಾಗುತ್ತದೆ. ಅವ್ವನ ಕೈಗಳೋ ಸದಾ ನಡುಗುತ್ತಿದ್ದವು. ಕಾಫಿ ಲೋಟವನ್ನೂ ನಾವೇ ಹಿಡಿಯಬೇಕಿತ್ತು.

"ಪೂಜಿಗೆ ಕುಂತಾಗ ನೋಡು ತಮ್ಮಾ, ಅಲ್ಲಾಡೂದಿಲ್ಲ" ಎಂದರು ಅಕ್ಕ.

"ನರಕ್ಕೇನಕ್ಕಾ ಗೊತ್ತು, ಪೂಜೆ ಯಾವ್ದು ಕಾಫಿ ಯಾವ್ದು ಅಂತ?" ಎಂದೆ. ಅಕ್ಕ ನಕ್ಕರು.

ಬೆಳಿಗ್ಗೆ ಕಿಟಕಿಯ ಪಕ್ಕ ಅವ್ವ ವಿಭೂತಿ ಹಚ್ಚಿಕೊಂಡು ಕೂತರು. ಎಡ ಅಂಗೈಯಲ್ಲಿ ಇಷ್ಟಲಿಂಗ. ಅಕ್ಕ ಮುಚ್ಚಳ ತೆಗೆದು ಎಣಿಸಿದರು. ಕೈ ಕಲ್ಲಿನಂತೆ ನಿಂತದ್ದನ್ನು ನೋಡಿದೆ... ನೋಡಿದೆನೆಂದು ನೆನಪು. ಮುಚ್ಚಳ ಹಾಕಿದ ಸದ್ದಿಗೆ ಅವ್ವ ಕಣ್ಣೆತ್ತದೆ ಅಂದರು: "ನಿಂದು ಮುಗೀತಲ್ಲ? ನಂದಿನ್ನೂ ಮುಗಿದಿಲ್ಲ. ಅತ್ಲಾಗ ಸರಿ, ಬೆಳಕ ಬರ್ಲಿ."

ಆ ಒಂದೇ ಚಿತ್ರ. ಮರುದಿನ ಅವ್ವ ಹೊರಟರು. ಮತ್ತೆ ಈ ಕಡೆ ಬರಲಿಲ್ಲ. ಈಗ ಅಕ್ಕನೂ ಇಲ್ಲ. ಮೇಲಿನ ಮನೆಗೆ ಬೇರೆಯವರು ಬಂದಿದ್ದಾರೆ, ಅಡುಗೆ ಮಾಡುವುದೇ ಅಪರೂಪ. ಯಾವ ವಾಸನೆಯೂ ಕೆಳಗಿಳಿಯುವುದಿಲ್ಲ.

ಕಾಯಿಲೆಯ ನಡುಕ ಹಾಗೆ ನಿಂತೀತೆಂದು ನನಗೆ ಆಮೇಲೆಯೂ ನಂಬಿಕೆ ಬರಲಿಲ್ಲ. ಅಕ್ಕನ ಮಾತು ನನ್ನ ನೆನಪನ್ನು ತಿದ್ದಿರಬೇಕು ಅಂದುಕೊಂಡಿದ್ದೆ. ವಿನೆಗರ್ ವಾಸನೆ ಬಂದ ಆ ಸಂಜೆ ಅಕ್ಕನ ಮಗಳಿಗೆ ಫೋನ್ ಮಾಡಿ ನೆಗೆಟಿವ್ ತರಿಸಿಕೊಂಡೆ. ಕಿಟಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆ. ಮಂತ್ರ ಹೇಳುತ್ತಿದ್ದ ತುಟಿಗಳು ಕಲಸಿಹೋಗಿವೆ. ಅಂಗೈ ಮೇಲಿನ ಲಿಂಗದ ಅಂಚು ಮಾತ್ರ ಸುತ್ತಲೂ ಒಂದೇ ಗೆರೆ.