ಮಣ್ಣಿನ ವಾಸನೆ ಬಂದ ಬಾಟಲಿ

ಗ್ಲಾಸನ್ನು ಮೂಗಿನ ಹತ್ತಿರ ತಂದಾಗ ಅವರ ಮೂಗುತಿ ಅಂಚಿಗೆ ತಾಗಿ ‘ಟಿಣ್’ ಎಂದು ಸಣ್ಣ ಸದ್ದಾಗುತ್ತಿತ್ತು. ಕಲ್ಲಿನ ಮೂಗುತಿ, ಅದರಲ್ಲೊಂದು ಕಲ್ಲು ಎಂದೋ ಬಿದ್ದುಹೋಗಿತ್ತು. ಆ ಸದ್ದಾದ ಮೇಲೆ ಯಾರೂ ಮಾತಾಡಬಾರದು. ಕಣ್ಣು ಮುಚ್ಚಿ ವಾಸನೆ ನೋಡಿ, ಗುಟುಕೂ ಕುಡಿಯದೆ ಗ್ಲಾಸನ್ನು ಕೆಳಗಿಟ್ಟು, “ಮೊದಲ ನೀ ಹೇಳು” ಅನ್ನುತ್ತಿದ್ದರು.

ನಾನು ಅವರನ್ನು ಕಾಕು ಎನ್ನುತ್ತಿದ್ದೆ, ಅವರ ಕಡೆ ಚಿಕ್ಕಮ್ಮನಿಗೆ ಹಾಗೆನ್ನುತ್ತಾರೆ. ಸಂಬಂಧವೇನೂ ಇರಲಿಲ್ಲ. ನಮ್ಮದು ಮೈಸೂರು, ಅವರದು ವಿಜಯಪುರ. ತಿರುವನಂತಪುರದಲ್ಲಿ ಅಪ್ಪ ಕೆಲಸ ಮಾಡುತ್ತಿದ್ದ ಸಂಸ್ಥೆಯಲ್ಲೇ ಅವರು ಲೋಹಗಳನ್ನು ಪರೀಕ್ಷಿಸುವ ವಿಭಾಗದಲ್ಲಿದ್ದರು. ನಾವು ಮೇಲಿನ ಮನೆ, ಅವರು ಕೆಳಗಿನ ಮನೆ. ಮದುವೆಯಾಗಿರಲಿಲ್ಲ. ನಾನು ಶಾಲೆಯ ಹುಡುಗಿಯಾಗಿದ್ದಾಗ ಮಲಯಾಳದಲ್ಲಿ ಉತ್ತರ ಕೊಟ್ಟರೆ ಅವರಿಗೆ ಕಿವಿಯೇ ಕೇಳಿಸುತ್ತಿರಲಿಲ್ಲ. ‘ಆಂಟಿ’ ಅಂದರೆ ತಿರುಗಿಯೂ ನೋಡುತ್ತಿರಲಿಲ್ಲ. ಇವತ್ತು ನಾನು ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದರೆ ಅದು ಆ ಹಟದಿಂದ.

ಕೆಲಸದ ಮೇಲೆ ಅವರೊಮ್ಮೆ ಫ್ರಾನ್ಸಿಗೆ ಹೋಗಿದ್ದರಂತೆ. ಅಲ್ಲಿ ಊಟದ ಮೇಜಿನಲ್ಲಿ ಯಾರೋ ಸಿರಾ ದ್ರಾಕ್ಷಿಯ ಹಳೆಯ ಕೆಂಪು ವೈನ್ ಕೊಟ್ಟರು. ಅದಕ್ಕೆ ಮೊದಲ ಮಳೆ ಬಿದ್ದ, ವಿಜಯಪುರದ ತಮ್ಮಪ್ಪನ ಹೊಲದ ವಾಸನೆಯಿತ್ತು. ಕಪ್ಪು ಎರೆಮಣ್ಣಿನ ವಾಸನೆ. ಕೇರಳದ ನೆಲ ಒಣಗುವುದೇ ಅಪರೂಪ, ಹಾಗಾಗಿ ಇಲ್ಲಿ ಅದು ಸಿಗುವುದಿಲ್ಲ ಎಂಬುದು ಅವರ ವಾದ. ನಿವೃತ್ತರಾದ ಮೇಲೆ ಅದನ್ನು ಇನ್ನೊಮ್ಮೆ ಹುಡುಕಬೇಕು ಅನ್ನಿಸಿತು. ಪರೀಕ್ಷಕರ ರೀತಿಯಲ್ಲೇ ಹುಡುಕಿದರು: ನಮ್ಮ ದೇಶದ್ದೇ ಸಿರಾ, ಒಂದೇ ವರ್ಷದ್ದು, ನಾಲ್ಕು ಬಾಟಲಿ. ಎರಡು ವರ್ಷಕ್ಕೊಂದನ್ನು, ಜೂನಿನಲ್ಲಿ ಮಳೆ ಹಿಡಿದು ತಂಪಾದ ಮೇಲೆ ತೆಗೆಯುವುದು. ಎಷ್ಟನೆಯದಕ್ಕೆ ಮಣ್ಣು ಬರುತ್ತದೆ, ಅಥವಾ ಬರುವುದೇ ಇಲ್ಲವೇ, ನೋಡುವುದು.

ಕೊಳ್ಳಲು ಅವರೇ ಸರ್ಕಾರಿ ಮದ್ಯದಂಗಡಿಗೆ ಹೋದರು. ನಾನು ಆಗಷ್ಟೇ ಎಂ.ಎಸ್ಸಿ. ಮುಗಿಸಿ ಕೆಲಸಕ್ಕೆ ಸೇರಿದ್ದೆ. ನಾಚಿಕೆಯಾಗಿ ರಸ್ತೆಯಾಚೆಯ ಬೇಕರಿಯ ಮುಂದೆ ನಿಂತೆ. ಅವರು ನನ್ನನ್ನು ಕರೆಯಲಿಲ್ಲ. ಇಳಕಲ್ ಸೀರೆಯುಟ್ಟು, ಕೊಡೆ ಹಿಡಿದು, ಗಂಡಸರ ಉದ್ದನೆಯ ಸಾಲಿನ ಕೊನೆಯಲ್ಲಿ ನಿಂತರು. ಹೆಂಗಸರು ಬಂದರೆ ಸಾಲು ಬಿಟ್ಟುಕೊಡುವುದು ಇಲ್ಲಿಯ ರೂಢಿ. ಅದರಲ್ಲಿ ಮರ್ಯಾದೆಯೂ ಉಂಟು, ಬೇಗ ಇಲ್ಲಿಂದ ಹೋಗಲಿ ಎಂಬುದೂ ಉಂಟು. ಮುಂದಿದ್ದವನು, ಅಮ್ಮೇ ಮುಂದೆ ಹೋಗಿ, ಅಂದ. “ವೇಂಡ ಮೋನೇ,” ಬೇಡ ಮಗನೇ, ಅಂದರು ಕಾಕು. ಮುಂದಿನವರೆಲ್ಲ ತಿರುಗಿ ತಿರುಗಿ ಕರೆದರು. ಅವರು ತಮ್ಮ ಸರದಿಗೇ ಹೋದರು. ಬಂದು ನನಗೆ ಹೇಳಿದ್ದಿಷ್ಟೆ: “ಕಾಯಾಕ ನನಗೇನು ನಾಚಿಕಿ?”

ಮೊದಲನೆಯ ಬಾಟಲಿಯ ದಿನ ನಾನು ಅಂತರ್ಜಾಲದಲ್ಲಿ ಓದಿದ ಬ್ಲ್ಯಾಕ್‌ಬೆರಿ, ಪ್ಲಮ್ ಎಂದೆಲ್ಲ ಹೇಳಿದೆ. ಕಾಕು ನನ್ನ ಗ್ಲಾಸನ್ನು ಹಿಂದಕ್ಕೆ ಎಳೆದುಕೊಂಡರು. “ಆ ಹಣ್ಣು ತಿಂದೀ? ಇಲ್ಲಲ್ಲ. ತಿನ್ನದ ಹಣ್ಣಿನ ಹೆಸರು ನನ್ನ ಮನ್ಯಾಗ ಹೇಳಬ್ಯಾಡ.” ಬಾಯಲ್ಲಿ ಉಳಿದಿದ್ದ ರುಚಿಯನ್ನೇ ಮತ್ತೆ ನೋಡಿ ಹೇಳಿದೆ: ಕರಿಮೆಣಸು, ನೇರಳೆಹಣ್ಣು ತಿಂದ ಮೇಲಿನ ನಾಲಿಗೆ, ಬಾಯಿ ಹಿಡಿಯುವಷ್ಟು ಒಗರು. ಗ್ಲಾಸು ವಾಪಸ್ಸು ಬಂತು. ತಾವೂ ಒಂದು ಗುಟುಕು ಕುಡಿದು, “ಹುಳಿ, ಒಗರು, ಖಾರ. ಮೂರೂ ಮಂದಿ ಒಂದ ಮನ್ಯಾಗ ಇದ್ದು ಮಾತು ಬಿಟ್ಟಾರ. ರಾಜಿ ಆಗಲಿ, ಕಾಯೋಣ” ಅಂದರು.

ಮರುವರ್ಷ ನನಗೆ ಕೊಚ್ಚಿಗೆ ವರ್ಗವಾಯಿತು. ಅದೇ ಹೊತ್ತಿಗೆ ಅವರೂ ಅಲ್ಲಿಯ ಪಾಲಾರಿವಟ್ಟಂನಲ್ಲಿ ಕೊಂಡಿದ್ದ ಫ್ಲ್ಯಾಟಿಗೆ ಬಂದರು. ಉಳಿದ ಮೂರು ಬಾಟಲಿಗಳು ರೈಲಿನಲ್ಲಿ ಅವರ ಮಡಿಲಲ್ಲಿ, ಟವೆಲ್ಲಿನಲ್ಲಿ ಸುತ್ತಿಕೊಂಡು ಬಂದವು. ಅವುಗಳನ್ನು ಮಲಗುವ ಕೋಣೆಯ ಅಲ್ಮೇರಾದಲ್ಲಿ, ಸೀರೆಗಳ ಕೆಳಗೆ ಅಡ್ಡ ಮಲಗಿಸಿದರು. ಸೆಕೆಯಲ್ಲಿ ಕೆಡಬಾರದೆಂದು ಆ ಕೋಣೆಗೆ ಹಗಲೂ ರಾತ್ರಿ ಎ.ಸಿ. ತಾವು ಮಾತ್ರ ಹಾಲಿನಲ್ಲಿ ಫ್ಯಾನಿನ ಕೆಳಗೆ ಚಾಪೆ ಹಾಸಿಕೊಳ್ಳುತ್ತಿದ್ದರು.

ಎರಡನೆಯದನ್ನು ತೆಗೆದಾಗ ಒಗರು ಸ್ವಲ್ಪ ತಗ್ಗಿತ್ತು. ಖಾಲಿ ಬಾಟಲಿ ಕಸಕ್ಕೆ ಹೋದ ಮರುದಿನ ಫ್ಲ್ಯಾಟಿನ ಸಂಘದ ಕಾರ್ಯದರ್ಶಿ ಬಾಗಿಲು ತಟ್ಟಿದರು. ಗಂಡಸರು ಯಾರಾದರೂ ಅತಿಥಿಗಳು ಬಂದಿದ್ದರೇ ಎಂದು ಬಹಳ ವಿನಯದಿಂದ ವಿಚಾರಿಸಿದರು. ಕುಟುಂಬಸ್ಥರಿರುವ ಕಟ್ಟಡವಂತೆ. ಶನಿವಾರ ಸಂಜೆ ಇದೇ ಮನುಷ್ಯನ ಬಾಲ್ಕನಿಯಲ್ಲಿ ಕುಡಿದವರ ನಗು ನಾಲ್ಕು ಮಹಡಿಗೆ ಕೇಳಿಸುತ್ತದೆ. ಅದನ್ನು ಯಾರೂ ವಿಚಾರಿಸಿದ್ದಿಲ್ಲ. ಕಾಕು ಶಾಂತವಾಗಿ, ಕುಡಿದದ್ದು ನಾನೇ, ಇನ್ನೊಂದನ್ನು ಎರಡು ವರ್ಷ ಬಿಟ್ಟು ಕುಡಿಯುತ್ತೇನೆ, ಆಗ ನೀವೂ ಬನ್ನಿ, ಅಂದರು. ಆಮೇಲೆ ಲಿಫ್ಟಿನಲ್ಲಿ ಹೆಂಗಸರು ಅವರನ್ನು ಕಂಡರೆ ಮಕ್ಕಳ ಕೈ ಹಿಡಿದುಕೊಳ್ಳುತ್ತಿದ್ದರು. ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ಮೂರನೆಯದರಲ್ಲಿ ಹುಳಿಯೂ ಒಗರೂ ಒಂದಾಗಿದ್ದವು. ನುಂಗಿದ ಮೇಲೆ, ತೀರಾ ಕೊನೆಯಲ್ಲಿ, ಏನೋ ಒಂದು ಬಂದು ಹೋಯಿತು. ನಾನು ಹೇಳುವ ಮೊದಲೇ ಕಾಕು ನನ್ನ ಮೊಣಕೈ ಹಿಡಿದರು. ಆ ಹಿಡಿತ ನನಗೆ ನೆನಪಿದೆ. “ಬಾಗಿಲ ತನಕ ಬಂದದ. ಇನ್ನೊಂದ ಸಲ ನೋಡು, ಒಳಗ ಬರ್ತದ.”

ಆ ಇನ್ನೊಂದು ಸಲ ಈ ಜೂನಿನಲ್ಲಿತ್ತು. ಮೇ ತಿಂಗಳಲ್ಲಿ, ಮಧ್ಯಾಹ್ನ ಮಲಗಿದವರು ಏಳಲಿಲ್ಲ.

ವಿಜಯಪುರದಿಂದ ಅವರ ತಮ್ಮ ಮತ್ತು ತಮ್ಮನ ಹೆಂಡತಿ ಬಂದು ಎಲ್ಲ ನೋಡಿಕೊಂಡರು. ಕರ್ಮ ಮುಗಿದ ಮೇಲೆ ಫ್ಲ್ಯಾಟಿನ ಸಭಾಂಗಣದಲ್ಲಿ ನುಡಿನಮನವಿತ್ತು. ನಾನು ಸ್ವಲ್ಪ ಮೊದಲೇ ಅವರ ಮನೆಗೆ ಹೋದೆ. ಕೋಣೆಯ ಎ.ಸಿ. ನಿಂತಿತ್ತು, ಅಲ್ಮೇರಾ ತೆರೆದಿತ್ತು. ಬಾಟಲಿ ಎಲ್ಲಿ ಎಂದು ಕೇಳಿದೆ.

ತಮ್ಮನ ಹೆಂಡತಿ ದನಿ ತಗ್ಗಿಸಿದರು. “ಸೀರಿ ಕೆಳಗ ಇತ್ತವ್ವ. ಮಂದಿ ನೋಡಿದ್ರ ಏನಂದಾರು? ಮುಚ್ಚಳ ತಿರುವಿ ಮೋರಿಗೆ ಸುರುವಿದೆ. ಹೆಂಗೂ ಕೆಟ್ಟು ಹೋಗಿತ್ತು ಬಿಡು. ಮೊದಲ ಮಳಿ ಬಿದ್ರ ನಮ್ಮ ಹೊಲದಾಗ ಬರ್ತದಲ್ಲ, ಹಂಗ, ಬರೇ ಮಣ್ಣಿನ ವಾಸನಿ.”

ನಾನು ಅಲ್ಲೇ ಮಂಚದ ಮೇಲೆ ಕೂತೆ. ಬಂದಿತ್ತು. ಅವರು ಅಷ್ಟು ವರ್ಷ ಕಾದದ್ದು ಬಂದಿತ್ತು. ಅದನ್ನು ಗುರುತಿಸಬಲ್ಲ ಊರಿನವರೇ ಗುರುತಿಸಿ, ಕೆಟ್ಟಿದೆ ಎಂದು ಚೆಲ್ಲಿದ್ದರು. ಆ ಹೆಂಗಸು ಕೆಟ್ಟವರಲ್ಲ. ಕಾಕುವಿನ ಸೀರೆಗಳನ್ನು ಒಂದೊಂದಾಗಿ ನೆರಿಗೆ ಕೂಡಿಸಿ ಮಡಿಸಿಟ್ಟಿದ್ದರು. ಅದು ನನ್ನ ಸಿಟ್ಟನ್ನು ಇನ್ನಷ್ಟು ಹೆಚ್ಚಿಸಿತೇ ಹೊರತು ಕಡಿಮೆ ಮಾಡಲಿಲ್ಲ.

ಕೆಳಗೆ ಅದೇ ಕಾರ್ಯದರ್ಶಿ ಮಾತಾಡಿದರು. ಸನ್ಯಾಸಿನಿಯಂಥ ಬದುಕು, ಒಂದು ದುರಭ್ಯಾಸವಿಲ್ಲ, ನಮ್ಮ ಹೆಣ್ಣುಮಕ್ಕಳಿಗೆ ಮಾದರಿ, ಅಂದರು. ಲಿಫ್ಟಿನ ಹೆಂಗಸರು ತಲೆಯಾಡಿಸಿದರು. ಬದುಕಿದ್ದಾಗ ಕುಡುಕಿ ಮಾಡಿದವರು ಸತ್ತ ಮೇಲೆ ಸನ್ಯಾಸಿನಿ ಮಾಡಿದರು. ಎರಡಕ್ಕೂ ಅವರನ್ನು ಕೇಳಲಿಲ್ಲ. ಮತ್ತ್ಯಾರಾದರೂ ಮಾತಾಡುವವರಿದ್ದಾರೆಯೇ ಎಂದಾಗ ನಾನು ಎದ್ದೆ. ಸಭೆಯಲ್ಲಿ ಎಂದೂ ಮಾತಾಡಿದವಳಲ್ಲ. ಮಲಯಾಳದಲ್ಲಿ, ಎಲ್ಲರಿಗೂ ತಿಳಿಯುವಂತೆ ಹೇಳಿದೆ: ಕಾಕು ಎರಡು ವರ್ಷಕ್ಕೊಂದು ಬಾಟಲಿ ವೈನ್ ಕುಡಿಯುತ್ತಿದ್ದರು, ಜೊತೆಗೆ ನಾನೂ ಕುಡಿಯುತ್ತಿದ್ದೆ, ರುಚಿ ನೋಡುವುದೆಂದರೇನು ಎಂದು ನನಗೆ ಕಲಿಸಿದವರು ಅವರು, ಕೊನೆಯ ಬಾಟಲಿ ಕೆಟ್ಟಿರಲಿಲ್ಲ. ಮುಂದಿನ ಸಾಲಿನಲ್ಲಿ ಯಾರೋ ಚಹಾ ಲೋಟ ಕೆಳಗಿಟ್ಟರು. ಕಾರ್ಯದರ್ಶಿ ಮೈಕಿನ ತಂತಿ ಸರಿಪಡಿಸತೊಡಗಿದರು.

ಹೊರಗೆ ತಮ್ಮನ ಹೆಂಡತಿ ನನ್ನನ್ನು ತಡೆದರು. ಅವರ ಕಣ್ಣು ತುಂಬಿತ್ತು. “ಸತ್ತವರ ಮರ್ಯಾದಿ ತೆಗದ್ಯಲ್ಲವ್ವ.”

“ಮೋರಿಗೆ ಸುರಿದವಳು ನಾನಲ್ಲ,” ಅಂದೆ.

ಮರುದಿನ ಬೆಳಿಗ್ಗೆ ರಜೆ ಹಾಕಿ ಎಡಪ್ಪಳ್ಳಿಯ ಮದ್ಯದಂಗಡಿಗೆ ಹೋದೆ. ಬಾಗಿಲು ತೆಗೆಯುವ ಮೊದಲೇ ಸಾಲಿತ್ತು. ಕೊನೆಯಲ್ಲಿ ನಿಂತೆ. ಮುಂದಿದ್ದವನು ತಿರುಗಿ, ಚೇಚಿ, ಅಕ್ಕಾ, ಮುಂದೆ ಹೋಗಿ, ಎಂದು ಪಕ್ಕಕ್ಕೆ ಸರಿದ.

“ವೇಂಡ,” ಅಂದೆ.

ನನ್ನ ಸರದಿ ಬಂದಾಗ, ಅದೇ ಸಿರಾ, ಒಂದೇ ವರ್ಷದ್ದಾಗಿರಬೇಕು ಎಂದು ಹೇಳಿ, ನಾಲ್ಕು ಕೇಳಿದೆ.