ಕುಂಟ ಇಣಚಿಯ ಪಂಜರ

ನಾನು ಅಳಿಲೊಂದನ್ನು ಪಂಜರದಲ್ಲಿಟ್ಟು ಸಾಕಿದವಳು. ಈ ಮಾತು ಕೇಳಿದೊಡನೆ ಮುಖ ಸಿಂಡರಿಸುವವರು ಈಗಲೂ ಸಿಗುತ್ತಾರೆ. ಸಿಂಡರಿಸಲಿ. ಗಿಡ ಹತ್ತಿ ಓಡಾಡಬೇಕಾದ ಜೀವವನ್ನು ಕೂಡಿಹಾಕಿದೆಯಲ್ಲ ಎನ್ನುತ್ತಾರೆ. ಓಡಾಡಲು ಅದಕ್ಕೆ ಎಷ್ಟು ಕಾಲಿದ್ದವು ಎಂದು ಒಬ್ಬರೂ ಕೇಳುವುದಿಲ್ಲ.

ನಿಜಾಮನ ಆಳ್ವಿಕೆ ಮುಗಿದು ಎರಡು ಮೂರು ವರ್ಷವಾಗಿತ್ತು. ಮಸ್ಕಿಯಲ್ಲಿ ನಮ್ಮದು ಕಾಳುಕಡಿಯ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ನನಗೆ ಹತ್ತು ವರ್ಷ. ಹಿತ್ತಲ ಬೇವಿನ ಗಿಡದ ಕೆಳಗೆ ಬೆಕ್ಕೊಂದು ಅಳಿಲನ್ನು ಕಚ್ಚಿಕೊಂಡು ಹೊರಟಿತ್ತು. ಕಸಬರಿಗೆಯಿಂದ ನಾಲ್ಕು ಬಾರಿಸಿ ಬಿಡಿಸಿಕೊಂಡೆ. ಜೀವ ಉಳಿಯಿತು, ಹಿಂದಿನ ಒಂದು ಕಾಲು ಹೋಯಿತು. ನಮ್ಮ ಕಡೆ ಅಳಿಲಿಗೆ ಇಣಚಿ ಎನ್ನುತ್ತಾರೆ. ನಾನೂ ಅದಕ್ಕೆ ಬೇರೆ ಹೆಸರಿಡಲಿಲ್ಲ.

ಅಪ್ಪ ಕೆಂಡವಾದ. "ಕಾಳಿನ ಅಂಗಡ್ಯಾಗ ಇಣಚಿ ಸಾಕ್ತೀಯೇನು? ನಾಳೆ ಹೆಗ್ಗಣಾನೂ ತರ್ತಿ! ಒಂದು ಚೀಲ ಕಡೀಲಿ, ಅವತ್ತೇ ಒಯ್ದು ಹೊಲದಾಗ ಬಿಟ್ಟು ಬರ್ತೀನಿ."

"ಕಡಿಯಂಗಿಲ್ಲ. ನಾ ಪಂಜರ ಮಾಡ್ತೀನಿ" ಎಂದೆ. ಪಂಜರ ಮಾಡುವುದೆಂದರೆ ಏನೆಂದು ನನಗೆ ಗೊತ್ತೇ ಇರಲಿಲ್ಲ. ಆದರೆ ಅಪ್ಪನೆದುರು ಅದನ್ನು ಒಪ್ಪಿಕೊಳ್ಳುವ ಹುಡುಗಿ ನಾನಲ್ಲ.

ಮೊದಲು ಬಿದಿರಿನ ಬುಟ್ಟಿಯನ್ನು ಬೋರಲು ಹಾಕಿ ಮೇಲೆ ಕಲ್ಲು ಹೇರಿದೆ. ಸಂಜೆಯೊಳಗೆ ಬುಟ್ಟಿ ಕಡಿದು ಹೊರಬಂದು, ಶೇಂಗಾ ಚೀಲದ ಬುಡದಲ್ಲಿ ಕೂತಿತ್ತು. ಅಪ್ಪ ನೋಡುವ ಮೊದಲೇ ಹಿಡಿದೆ. ಇನ್ನು ಕಬ್ಬಿಣವೇ ಆಗಬೇಕು ಎಂದುಕೊಂಡು ಅಟ್ಟದ ಮೇಲಿದ್ದ ಹೆಚ್ಚಿನ ಇಲಿಬೋನನ್ನು ಇಳಿಸಿದೆ. ಒಳಗೆ ಹತ್ತಿ ಹಾಸಿ, ಬಾಗಿಲನ್ನು ಸುತಳಿಯಿಂದ ಕಟ್ಟಿ, ಬೆಕ್ಕಿನ ಕಾಟ ಬೇಡವೆಂದು ಅಂಗಡಿಯೊಳಗೆ ಇಟ್ಟುಕೊಂಡೆ.

ಅಲ್ಲೇ ನಾನು ಎಡವಿದ್ದು. ನಮ್ಮದು ಲಿಂಗ ಕಟ್ಟಿಕೊಂಡ ಮನೆ, ಇಲಿಯನ್ನು ಕೊಲ್ಲುವಂತಿಲ್ಲ. ಬೋನಿಗೆ ಬಿದ್ದದ್ದನ್ನು ಅಜ್ಜಿ ಬೆಳಗಿನ ಪೂಜೆ ಮುಗಿಸಿ ಹಳ್ಳದಾಚೆ ಬಿಟ್ಟು ಬರುತ್ತಿದ್ದಳು. ದಾರಿ ಕಂಡರೆ ಇಲಿ ತಿರುಗಿ ಬರುತ್ತದೆಂದು ಬೋನಿಗೆ ಬಟ್ಟೆ ಮುಚ್ಚುವಳು. ಬಿಡುವಾಗಲೂ ಬೋನಿನ ಮುಖ ಆಚೆ ತಿರುಗಿಸಿಯೇ ಬಾಗಿಲು ತೆಗೆಯುವಳು. ಹೀಗಾಗಿ ಒಳಗಿದ್ದದ್ದನ್ನು ಅವಳು ಒಮ್ಮೆಯೂ ನೋಡಿದವಳಲ್ಲ.

ಮೂರನೆಯ ದಿನ ನಾನು ಮಜ್ಜಿಗೆ ತರಲು ಹೋಗಿ ಬರುವಷ್ಟರಲ್ಲಿ ನನ್ನ ಬೋನು ತೊಳೆದು ಬಿಸಿಲಿಗಿಟ್ಟಿತ್ತು. ಹತ್ತಿ ಬಚ್ಚಲಲ್ಲಿ ತೇಲುತ್ತಿತ್ತು.

"ಅಮ್ಮಾ, ನನ್ನ ಇಣಚಿ!" ಎಂದು ಚೀರಿದೆ. ಅಜ್ಜಿಯನ್ನು ನಾವು ಅಮ್ಮ ಎಂದೇ ಕರೆಯುತ್ತಿದ್ದೆವು.

ಅವಳು ಒಂದು ಕ್ಷಣ ತಬ್ಬಿಬ್ಬಾದಳು. ಆಮೇಲೆ ಸಮಾಧಾನದಿಂದ, "ಹೋಗ್ಲಿ ಬಿಡು, ಛಲೋನೇ ಆತು. ಜೀವಕ್ಕ ಯಾಕ ಬೇಕು ಬಂಧನ?" ಎಂದಳು.

"ಪುಣ್ಯದ ಕೆಲಸ ಆತು, ಬಾಯಿ ಮುಚ್ಚು" ಎಂದ ಅಪ್ಪ ದುಡ್ಡಿನ ಗಲ್ಲೆಯ ಮುಂದೆ ಕೂತಲ್ಲಿಂದಲೇ.

"ಯಾರಿಗೆ ಪುಣ್ಯ? ಮೂರು ಕಾಲಿನ ಇಣಚಿನ ಕಾಗಿ ಬಾಯಿಗೆ ಕೊಟ್ಟು ಪುಣ್ಯ ಅಂತೀರೇನು?" ಎಂದು ಮಜ್ಜಿಗೆಯ ಚರಿಗೆಯನ್ನು ಅಲ್ಲೇ ಕುಕ್ಕಿ ಓಡಿದೆ. ಹಿರಿಯರಿಗೆ ಹಾಗೆ ತಿರುಗಿ ಅಂದದ್ದಕ್ಕೆ ಇಂದಿಗೂ ನನಗೆ ಪಶ್ಚಾತ್ತಾಪವಿಲ್ಲ.

ಹಳ್ಳದಲ್ಲಿ ಮೊಣಕಾಲುದ್ದ ನೀರು. ದಾಟಿದರೆ ಜಾಲಿ ಗಿಡಗಳು. ಒಂದರ ಸುತ್ತ ಕಾಗೆಗಳು ಕುಪ್ಪಳಿಸುತ್ತಿದ್ದವು. ಇಣಚಿ ಬೊಡ್ಡೆ ಹತ್ತುವುದು, ಗೇಣು ಏರಿ ಜಾರಿ ಬೀಳುವುದು, ಮತ್ತೆ ಹತ್ತುವುದು. ಕಲ್ಲು ಬೀರಿ ಕಾಗೆ ಓಡಿಸಿ ಕೈ ಚಾಚಿದೆ. ಕಚ್ಚಿತು. ಹೆಬ್ಬೆರಳಲ್ಲಿ ರಕ್ತ ಬಂದರೂ ಬಿಡಲಿಲ್ಲ. ತಿರುಗಿದರೆ ಹಿಂದೆ ಅಜ್ಜಿ, ಸೀರೆ ಮೊಣಕಾಲತನಕ ತೊಯ್ದಿದೆ. ಅಷ್ಟು ದೂರದಿಂದ ಏದುತ್ತ ಬಂದವಳು ಅದು ಜಾರಿ ಬಿದ್ದದ್ದನ್ನು ನೋಡಿದ್ದಳು.

ಅವಳು ಹತ್ತಿರ ಬಂದಳು. ಸೆರಗು ಒಡ್ಡಿದಳು, ಅದರಲ್ಲಿ ಹಾಕಿದೆ. ನಡುಗುತ್ತಿತ್ತು. ಚಳಿಯೇನೋ ಎಂದು ಸೆರಗಿನ ತುದಿಯನ್ನು ಅದರ ಮೇಲೆ ಎಳೆಯಹೋದೆ.

"ಮುಖ ಮುಚ್ಚಬ್ಯಾಡ ಬೇ" ಎಂದಳು. "ಮನಿ ದಾರಿ ನೋಡ್ಲಿ."

ಆಗ ನನಗೆ ಅಳು ಬಂತು. ಹಳ್ಳ ದಾಟುವವರೆಗೂ ಅತ್ತೆ.

ಮರುದಿನದಿಂದ ನಿಜವಾದ ಪಂಜರದ ಕೆಲಸ. ಅಂಗಡಿಯಲ್ಲಿ ಜೋಳ ಸೋಸುವ ದೊಡ್ಡ ಜರಡಿಯೊಂದು ಅಂಚು ಮುರಿದು ಬಿದ್ದಿತ್ತು. ಅದರ ತಂತಿ ಬಲೆ ಬಿಚ್ಚಿಕೊಂಡೆ. ಬಡಿಗ ಚೌಕಟ್ಟು ಮಾಡಿಕೊಟ್ಟ. ಅವನು ಬಲೆಯನ್ನು ಹೊರಗಿನಿಂದ ಹೊಡೆಯುತ್ತೇನೆಂದ. ಕಟ್ಟಿಗೆಗೆ ಹಲ್ಲು ತಾಗಬಾರದು, ಒಳಗಿನಿಂದಲೇ ಹೊಡಿ ಎಂದು ಹಟ ಹಿಡಿದೆ. ಗಿಳಿಯ ಪಂಜರದ ಹಾಗೆ ಎತ್ತರ ಇರಲಿ ಎಂದ. ಬೇಡ, ಇದು ಬೀಳುವ ಜೀವ, ಅಗಲ ಇರಲಿ ಎಂದೆ. ಒಳಗೆ ಬೇವಿನ ಟೊಂಗೆಯನ್ನು ನಿಲ್ಲಿಸದೆ ಮಲಗಿಸಿದೆ. ಮಲಗಲು ಒಂದು ಮಣ್ಣಿನ ಕುಡಿಕೆ ಅಡ್ಡ ಇಟ್ಟೆ. ಇಣಚಿ ಟೊಂಗೆಯ ಮೇಲೆ ಆ ತುದಿಯಿಂದ ಈ ತುದಿಗೆ ಕುಂಟುತ್ತ ಓಡಿತು, ಬೀಳಲಿಲ್ಲ.

ಅಪ್ಪ ಸುತ್ತ ತಿರುಗಿ ನೋಡಿದ. ತಪ್ಪು ಸಿಗಲಿಲ್ಲ. ಕೊನೆಗೆ, "ಚಿಲಕ ಒಂದು ಹಾಕಬ್ಯಾಡ. ಹೋಗಬೇಕು ಅಂದ್ರ ಹೋಗ್ಲಿ. ಕೂಡಿಹಾಕಿದ ಪಾಪ ಮನಿಗೆ ಬ್ಯಾಡ" ಎಂದ.

ಅವನ ಕಣ್ಣೆದುರೇ ಚಿಲಕ ಹಾಕಿದೆ. ಅಪ್ಪ ತನ್ನ ತಾಯಿಯ ಕಡೆ ನೋಡಿದ. ಬಂಧನ ಪಾಪ ಎಂದು ಅವನಿಗೆ ಕಲಿಸಿದವಳೇ ಅವಳು. "ಯವ್ವಾ, ನೀನರ ಹೇಳು ಈ ಹುಡುಗಿಗೆ."

ಅಜ್ಜಿ ಎದ್ದು ಬಂದು ಪಂಜರದ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಚಿಲಕ ಹಿಡಿದು ಅಲ್ಲಾಡಿಸಿದಳು. ಬಗ್ಗಿ ಒಳಗೆ ನೋಡಿದಳು, ಬಹಳ ಹೊತ್ತು ನೋಡಿದಳು.

"ಸಡಲ ಐತಿ" ಎಂದಳು ನನಗೆ. "ಇನ್ನೊಂದು ಸುತ್ತು ತಂತಿ ಬಿಗಿ."