ನಮಗೆ ಹಾಕಿದ ಬೀಗ

ಮಂಗಳವಾರ ಯಜಮಾನರ ಕಾರ್ಖಾನೆಗೆ ರಜೆ. ಆ ದಿನವೂ ಬೆಳಿಗ್ಗೆ ಅತ್ತೆಗೆ ರಾಗಿ ಗಂಜಿ ಕುಡಿಸಿ, ತಲೆ ಬಾಚಿ, ಮಾತ್ರೆ ನುಂಗಿದರೋ ಇಲ್ಲವೋ ಎಂದು ನಾಲಿಗೆ ಎತ್ತಿಸಿ ನೋಡಿದೆ. ಕೆನ್ನೆಯೊಳಗೆ ಅಡಗಿಸಿಕೊಂಡುಬಿಡುತ್ತಿದ್ದರು. ಮರೆವು ಶುರುವಾದ ಮೇಲೆ ಒಮ್ಮೆ ಒಬ್ಬರೇ ವರ್ತೂರು ಕೆರೆಯ ಏರಿಯವರೆಗೆ ನಡೆದುಹೋಗಿದ್ದರು. ಅಂದಿನಿಂದ ಯಜಮಾನರು ಕೆಲಸಕ್ಕೆ ಹೊರಡುವಾಗ ಗ್ರಿಲ್ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿ, ಬೀಗದ ಕೈ ಜೇಬಿಗಿಳಿಸಿ ಹೋಗುತ್ತಿದ್ದರು. ಒಳಗಿಟ್ಟರೆ ಅಮ್ಮ ಹುಡುಕಿಬಿಡುತ್ತಾರೆ ಎನ್ನುವುದು ಅವರ ವಾದ. ಅವರು ಮರಳಿ ಬರುವವರೆಗೆ ಅತ್ತೆಯೂ ನಾನೂ ಒಳಗೆ. ಹೀಗೆ ಎರಡು ವರ್ಷ.

ನಿದ್ದೆ ಬರುತ್ತಿಲ್ಲವೆಂದು ಡಾಕ್ಟರ ಹತ್ತಿರ ಹೋದರೆ ಅವರು ನನ್ನನ್ನು ಕಾಡುಗೋಡಿಯ ಒಬ್ಬ ಆಪ್ತಸಮಾಲೋಚಕಿಯ ಬಳಿ ಕಳಿಸಿದ್ದರು. ಅಂದು ಮೂರನೆಯ ಭೇಟಿ.

"ಮಾತಾಡೋಕೆ ಅಷ್ಟು ದೂರ ಹೋಗ್ಬೇಕಾ? ಅಮ್ಮನ ಹತ್ರ ಮಾತಾಡು, ಸಂಜೆಗೆ ಮರ್ತೂ ಬಿಡ್ತಾರೆ," ಎಂದು ಯಜಮಾನರು ಪೇಪರಿನ ಹಿಂದಿನಿಂದ ನಕ್ಕರು. ನಾನೂ ನಕ್ಕೆ.

ಆಪ್ತಸಮಾಲೋಚಕಿಯದು ಔಷಧಿ ಅಂಗಡಿಯ ಮೇಲಿನ ಕೋಣೆ. ಎರಡು ಕುರ್ಚಿ, ನಡುವೆ ಮೇಜಿಲ್ಲ. ಆಕೆ ಬುದ್ಧಿ ಹೇಳುತ್ತಿರಲಿಲ್ಲ. ಕಾನ್ವೆಂಟಿನಲ್ಲಿ ಸಿಸ್ಟರ್ ಮುಖ ನೋಡಿಯೇ ಸರಿಯುತ್ತರ ಊಹಿಸಿ ಬೆಳೆದವಳಿಗೆ ಅದೇ ಕಷ್ಟ. ಈ ಮುಖದಲ್ಲಿ ಉತ್ತರವೇ ಇರುತ್ತಿರಲಿಲ್ಲ.

"ನಾನೇನ್ ಮಾಡ್ಬೇಕು ಹೇಳಿಬಿಡಿ ಮೇಡಂ," ಎಂದೆ.

"ಯಾರಾದ್ರೂ ಹೇಳಿಬಿಟ್ರೆ ಸಾಕು ಅನ್ನಿಸ್ತಿದೆ ನಿಮಗೆ."

"ಹಾಗೇನಿಲ್ಲ. ನಮ್ಮನೆಯವ್ರು ಒಳ್ಳೆಯವ್ರೇ. ನಮಗೆ ಬೀಗ ಹಾಕೋದೂ ಅತ್ತೆಗೋಸ್ಕರಾನೇ."

"ನಮಗೆ," ಎಂದರು ಆಕೆ, ನಾನು ಹೇಳಿದ ಹಾಗೆಯೇ, ಮೆಲ್ಲಗೆ.

"ನಮಗಲ್ಲ, ಬಾಗಿಲಿಗೆ" ಎಂದು ತಿದ್ದಲು ಬಾಯಿ ತೆರೆದೆ. ಸೆರಗಿನ ಅಂಚಿನ ನೂಲು ಎಳೆಯುತ್ತಾ ಎಷ್ಟೋ ಹೊತ್ತು ಕೂತೆ. ಆಕೆ ಗಡಿಯಾರ ನೋಡಲಿಲ್ಲ.

"ನನಗೂ ಬೀಗ ಹಾಕ್ತಾರೆ ಮೇಡಂ," ಎಂದೆ ಕೊನೆಗೆ. "ನನ್ನ ಹತ್ರ ಒಂದು ಕೀ ಇರ್ಬೇಕು."

ಶಭಾಷ್ ಎನ್ನಲಿಲ್ಲ, ಹೋಗಿ ಕೇಳಿ ಎಂದೂ ಹೇಳಲಿಲ್ಲ. "ನಿಮ್ಮದೇ ಒಂದು ಕೀ," ಎಂದು ತಲೆಯಾಡಿಸಿದರು.

ಮನೆಗೆ ಬಂದು ಕಾಫಿ ಕೊಡುವಾಗ ಯಜಮಾನರನ್ನು ಕೇಳಿಯೇಬಿಟ್ಟೆ.

"ಇನ್ನೊಂದು ಕೀ ಎಲ್ಲೋ ಕಳೆದ್ಹೋಗಿದೆ ಕಣೇ. ಹೊಸದು ಮಾಡ್ಸೋದು ದೊಡ್ಡ ತಲೆನೋವು. ಅಷ್ಟಕ್ಕೂ ನಿಂಗೆಲ್ಲಿಗೆ ಹೋಗ್ಬೇಕಿದೆ?"

"ಎಲ್ಲಿಗೂ ಇಲ್ಲ. ಆದ್ರೂ ಬೇಕು."

ಅವರು ಟೀವಿಯ ಸದ್ದು ಹೆಚ್ಚಿಸಿದರು. ಸಂಜೆ ಬ್ಲೇಡು ತರಲು ಅಂಗಡಿಗೆ ಹೊರಟಾಗ, ಕೈ ಅಭ್ಯಾಸವೋ ಏನೋ, ಬೀಗ ಹಾಕಿಯೇ ಹೋದರು.

ಆಗಲೇ ಪಕ್ಕದ ಮನೆಯಾಕೆ ಗ್ರಿಲ್ ಸಂದಿಯಿಂದ ಒಂದು ಹಿಡಿ ಕರಿಬೇವು ಚಾಚಿದರು. ಆಕೆ ಹುಟ್ಟಿದ್ದು, ಬೆಳೆದದ್ದು ಎಲ್ಲ ಅದೇ ಬೀದಿಯಲ್ಲಿ. ಬೀಗಕ್ಕೆ ಇನ್ನೊಂದು ಕೀ ಮಾಡಿಸುವುದು ಬಹಳ ಕಷ್ಟವೇ ಎಂದು ಕೇಳಿದೆ.

"ಅದ್ಯಾವ ಕಷ್ಟ ಬುಡಕ್ಕ," ಎಂದರು ಆಕೆ, ಆಗಲೇ ಅತ್ತ ತಿರುಗಿ. "ಬಸ್‌ಸ್ಟಾಪ್ ತಾವ ಛತ್ರಿ ರಿಪೇರಿಯೋನು ಕುಂತವ್ನಲ್ಲ, ನೀವು ಒಂದು ಕಟ್ಟು ಸೊಪ್ಪು ಬುಡಿಸೋದ್ರೊಳ್ಗೆ ಕೀನೂ ಮಾಡ್ಕೊಡ್ತಾನೆ."